ಹೀಟಿಂಗ್ ಪೈಪಿಗೆ ಯಾವ ನೀರು? ಮ್ಯೂನಿಕ್ ಮನೆಯಲ್ಲಿ ನಾನು ತುಂಬಿದ ಕ್ರಮ

ಊರಲ್ಲಿ ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣ ಗೊತ್ತು. ಮ್ಯೂನಿಕ್‌ನ ನಲ್ಲಿ ನೀರೂ ಗಡಸೇ, ನಮ್ಮ ಮನೆಯಲ್ಲಿ 16 ಜರ್ಮನ್ ಡಿಗ್ರಿ (ಅಲ್ಲಿ ಗಡಸುತನ ಅಳೆಯುವ ಮಾನ). ಆದರೆ ಗೀಸರ್‌ಗೆ ದಿನಾ ಹೊಸ ನೀರು ಬರುತ್ತದೆ, ಮನೆ ಬೆಚ್ಚಗಿಡುವ ಹೀಟಿಂಗ್‌ನಲ್ಲಿ ಒಮ್ಮೆ ತುಂಬಿದ ನೀರೇ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹಾಗಾಗಿ ಮೊದಲ ಸಲ ಏನು ತುಂಬಿದಿರಿ, ಆಮೇಲೆ ಎಷ್ಟು ಸಲ ಸೇರಿಸಿದಿರಿ ಎಂಬುದೇ ಇಲ್ಲಿ ಮುಖ್ಯ. ಎರಡನೆಯದಕ್ಕೆ ಜನ ಗಮನ ಕೊಡುವುದಿಲ್ಲ, ಹಾಳಾಗುವುದು ಹೆಚ್ಚಾಗಿ ಅಲ್ಲೇ.

ಮೊದಲು ನೀರಿನ ಲೆಕ್ಕ. ನೆಲದಡಿಯ ಪೈಪು 16×2 ಎಂಎಂ, ಒಟ್ಟು 900 ಮೀಟರ್. ಒಳವ್ಯಾಸ 12 ಎಂಎಂ ಆದ್ದರಿಂದ ಮೀಟರಿಗೆ 0.113 ಲೀಟರ್, ಅಂದರೆ 102 ಲೀಟರ್. ಬಿಸಿ ನೀರು ಕೂಡಿಟ್ಟುಕೊಳ್ಳುವ ಬಫರ್ ಟ್ಯಾಂಕ್ 200 ಲೀಟರ್. ಹೊರಗಿನ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪಿನ ಒಳಗೂ ಉಳಿದ ಪೈಪುಗಳಲ್ಲೂ ಸೇರಿ 28. ಎಲ್ಲ ಕೂಡಿ 330. ಹೀಟ್ ಪಂಪು 8 ಕಿಲೋವ್ಯಾಟಿನದು, ಹಾಗಾಗಿ ಕಿಲೋವ್ಯಾಟಿಗೆ 41 ಲೀಟರ್ ಬಿತ್ತು. ಜರ್ಮನಿಯಲ್ಲಿ ಈ ಕೆಲಸಕ್ಕೆ ಆಧಾರ ಎಂಜಿನಿಯರುಗಳ ಸಂಘದ ಮಾರ್ಗಸೂಚಿ ವಿಡಿಐ 2035 (2021ರ ಆವೃತ್ತಿ). ಅದರ ಪ್ರಕಾರ 50 ಕಿಲೋವ್ಯಾಟಿನ ಒಳಗಿನ ವ್ಯವಸ್ಥೆಯಲ್ಲಿ ಕಿಲೋವ್ಯಾಟಿಗೆ 40 ಲೀಟರ್ ಮೀರಿದರೆ ಗಡಸುತನ 0.3 ಡಿಗ್ರಿಗಿಂತ ಕಡಿಮೆ ಇರಬೇಕು, ನೀರು ಕಾಯಿಸುವ ಕರೆಂಟ್ ಕಾಯಿಲ್ ಇದ್ದರೆ 20ರಿಂದ 40ರ ನಡುವೆ 8.4 ಡಿಗ್ರಿವರೆಗೆ ಆಗಬಹುದು. ಬಫರ್ ಟ್ಯಾಂಕ್ ಇಲ್ಲದಿದ್ದರೆ ಲೆಕ್ಕ 16 ಲೀಟರಿಗೆ ಇಳಿಯುತ್ತಿತ್ತು, ಆಗ ಕರೆಂಟ್ ಕಾಯಿಲ್ ಇದ್ದರೂ 16.8 ಡಿಗ್ರಿವರೆಗೆ ನಡೆಯುತ್ತಿತ್ತು, ನಲ್ಲಿ ನೀರೇ ಕೂದಲೆಳೆಯಲ್ಲಿ ಪಾಸಾಗುತ್ತಿತ್ತು. ಟ್ಯಾಂಕ್ ಹಾಕಿಸುವವರು ಈ ಗುಣಾಕಾರವನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಉಪ್ಪು ಹಾಕುವ ಸಾಫ್ಟನರ್ ನೀರನ್ನು ನಾನು ಬಳಸಲಿಲ್ಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ನೀರಿನ ಒಟ್ಟು ಲವಣ ಹಾಗೇ ಉಳಿಯುತ್ತದೆ, ಕಾಯಿಸಿದಾಗ ಪಿಎಚ್ ಏರುತ್ತದೆ. ಅಲ್ಯೂಮಿನಿಯಂ ಭಾಗವಿದ್ದರೆ ಅದು ಕರಗಲು ಶುರುವಾಗುತ್ತದೆ. ನಾನು ತಂದದ್ದು ನೀರಿನ ಲವಣವನ್ನೆಲ್ಲ ಹಿಡಿದಿಡುವ ಮಿಕ್ಸೆಡ್ ಬೆಡ್ ರೆಸಿನ್ ಕಾರ್ಟ್ರಿಡ್ಜ್. ಮೇಲೆ 10,000 ಎಂದು ಬರೆದಿತ್ತು, ಅದು ಲೀಟರ್ ಮತ್ತು ಡಿಗ್ರಿಯ ಗುಣಲಬ್ಧ. ಅದನ್ನು ನಮ್ಮ 16ರಿಂದ ಭಾಗಿಸಿದರೆ 625 ಲೀಟರ್ ಸಿಗುತ್ತದೆ.

ಗಡಸುತನ ಅಳೆಯಲು ಹನಿ ಪರೀಕ್ಷೆ ಸಾಕು. ಪುಟ್ಟ ಟ್ಯೂಬಿಗೆ 5 ಮಿಲಿ ನೀರು ಹಾಕಿ, ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ಮೊದಲ ಹನಿಗೆ ಕೆಂಪಾಗುತ್ತದೆ, ಕೊನೆಯ ಒಂದೇ ಹನಿಗೆ ತಟ್ಟನೆ ಹಸಿರಾಗುತ್ತದೆ. ಹನಿಗೆ ಒಂದು ಡಿಗ್ರಿ. ಕಾರ್ಟ್ರಿಡ್ಜಿನಿಂದ ಹೊರಬರುವ ನೀರಿಗೆ ಮೊದಲ ಹನಿಯೇ ಹಸಿರು. ಜೊತೆಗೆ ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವ ಕಂಡಕ್ಟಿವಿಟಿ ಪೆನ್ ಬೇಕೇ ಬೇಕು. ಅದು ಪಿಪಿಎಂ ತೋರಿಸುತ್ತಿದೆಯೋ ಮೈಕ್ರೊಸೀಮೆನ್ಸ್ ತೋರಿಸುತ್ತಿದೆಯೋ ನೋಡಿಕೊಳ್ಳಿ, ಎರಡರ ನಡುವೆ ಸುಮಾರು ಎರಡು ಪಟ್ಟು ವ್ಯತ್ಯಾಸವಿದೆ.

ತುಂಬುವ ಮೊದಲು, ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿಯ ಒತ್ತಡ ನೋಡಬೇಕು. ನೀರಿನ ಕಡೆ ಒತ್ತಡವಿದ್ದಾಗ ಅಳೆದರೆ ಆ ಸಂಖ್ಯೆಗೆ ಅರ್ಥವಿಲ್ಲ. ಟ್ಯಾಂಕಿನಿಂದ ಅತಿ ಎತ್ತರದ ಪೈಪಿಗೆ ನಮ್ಮಲ್ಲಿ 6 ಮೀಟರ್, ಅಂದರೆ 0.6 ಬಾರ್. ಅದಕ್ಕೆ 0.3 ಸೇರಿಸಿ, ಸ್ವಲ್ಪ ಮೇಲಕ್ಕೆ 1 ಬಾರ್ ಇಟ್ಟೆ. ತಣ್ಣಗಿನ ನೀರಿನ ಒತ್ತಡ 1.5 ಬಾರ್. ಸೇಫ್ಟಿ ವಾಲ್ವ್ ತೆರೆಯುವುದು 3ಕ್ಕೆ.

ನಲ್ಲಿಯಿಂದ ಬರುವ ಸಾಲಿನಲ್ಲಿ ಮೊದಲು ಬಿಎ ಮಾದರಿಯ ಬ್ಯಾಕ್‌ಫ್ಲೋ ತಡೆ, ಆಮೇಲೆ ಕಾರ್ಟ್ರಿಡ್ಜ್, ಆಮೇಲೆ ಹೋಸ್. ಹೀಟಿಂಗ್ ನೀರು ಕುಡಿಯುವ ನೀರಿನ ಪೈಪಿಗೆ ಹಿಂದೆ ಹರಿಯದಂತೆ ಈ ತಡೆ ಇರಲೇಬೇಕು. ಕಾರ್ಟ್ರಿಡ್ಜನ್ನು ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ನೀರು ರೆಸಿನ್ ಮೇಲಿನಿಂದಲೇ ದಾರಿ ಮಾಡಿಕೊಂಡು ಹೋಗುತ್ತದೆ. ಮೊದಲ ಕೆಲವು ಲೀಟರ್ ಬಕೆಟ್ಟಿಗೆ ಬಿಟ್ಟು, ಹೋಸಿನಲ್ಲಿ ನೀರು ತುಂಬಿ ಗಾಳಿ ಹೋದ ಮೇಲೆಯೇ ತುಂಬುವ ನಲ್ಲಿಗೆ ಸಿಕ್ಕಿಸಿದೆ.

ಹೆಚ್ಚು ಎಡವುವುದು ನೆಲದ ಪೈಪಿನಲ್ಲಿ. ಕೊಳೆ ಹೋಗಲಿ ಎಂದು ನಲ್ಲಿ ನೀರಿನಲ್ಲೇ ತೊಳೆದಿರುತ್ತೇವೆ, ಆದರೆ ಆ ನೀರು ಸುರುಳಿಯೊಳಗೇ ನಿಲ್ಲುತ್ತದೆ, ಬಸಿದು ಹೋಗುವುದಿಲ್ಲ. ಮೇಲೆ ಶುದ್ಧ ನೀರು ಹಾಕಿದರೆ ಎರಡೂ ಬೆರೆತು ಶ್ರಮವೆಲ್ಲ ನೀರುಪಾಲು. ಅದಕ್ಕೆ ಸುರುಳಿಗಳಿಗೆಲ್ಲ ನೀರು ಹಂಚುವ ಮ್ಯಾನಿಫೋಲ್ಡಿನಲ್ಲಿ ಒಂದು ಲೂಪ್ (ಸುರುಳಿ) ಮಾತ್ರ ತೆರೆದು ಉಳಿದ ಹತ್ತನ್ನೂ ಮುಚ್ಚಿ, ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟೆ. ಆ ವೇಗಕ್ಕೆ ಗುಳ್ಳೆಗಳೂ ತಳ್ಳಿಕೊಂಡು ಬರುತ್ತವೆ. ಒಂದು ಲೂಪಿನಲ್ಲಿ ಸುಮಾರು 9 ಲೀಟರ್ ಇರುತ್ತದೆ, ನಾನು 15 ಬಿಟ್ಟೆ. ಹೊರಬರುವ ನೀರಿಗೆ ಪೆನ್ ಅದ್ದಿದರೆ ಮೊದಲು 520, ಆಮೇಲೆ ಸರ್ರನೆ ಇಳಿಯಿತು. 100ರ ಕೆಳಗೆ ಬಂದ ಮೇಲೆ ಆ ಲೂಪ್ ಮುಚ್ಚಿ ಮುಂದಿನದು. ಬಫರ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಯೇ ತುಂಬಿದ್ದರಿಂದ ಅಲ್ಲಿ ಈ ತೊಂದರೆ ಬರಲಿಲ್ಲ. ಖರ್ಚಾದದ್ದು 400 ಲೀಟರಿನ ಒಳಗೆ. ಕಾರ್ಟ್ರಿಡ್ಜಿನಿಂದ ಬರುವ ನೀರೇ 50 ಮೈಕ್ರೊಸೀಮೆನ್ಸ್ ದಾಟಿದರೆ ಬದಲಿಸಿಬಿಡಿ. ರೆಸಿನ್ ಸೋತಾಗ ಆಮ್ಲೀಯ ನೀರು ಬರುತ್ತದೆ.

ತುಂಬಿದ ದಿನ ಪಿಎಚ್ ನೋಡಿ ಗಾಬರಿಯಾಗಬೇಡಿ. ಲವಣವಿಲ್ಲದ ನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 7ರ ಕೆಳಗೆ ತೋರಿಸುತ್ತದೆ, ಪಿಎಚ್ ಅಳೆಯುವ ಕಾಗದದ ಪಟ್ಟಿಗಳಂತೂ ಇಂಥ ನೀರಿನಲ್ಲಿ ಸರಿಯಾಗಿ ಹೇಳುವುದಿಲ್ಲ. 8ರಿಂದ 12 ವಾರ ಓಡಿದ ಮೇಲೆ ತಾನಾಗಿ ಏರುತ್ತದೆ. ಆಗ 8.2ರಿಂದ 10ರೊಳಗೆ ಇರಬೇಕು, ಅಲ್ಯೂಮಿನಿಯಂ ಇದ್ದರೆ 9 ಮೀರಬಾರದು.

ಮೊದಲ ವಾರ ಒತ್ತಡ ಸ್ವಲ್ಪ ಇಳಿಯುವುದು ಸಹಜ, ಕಾದಾಗ ಕರಗಿದ ಗಾಳಿ ಹೊರಬೀಳುತ್ತದೆ. ಆ ಗಾಳಿ ತೆಗೆದು ಒಂದೆರಡು ಸಲ ಸೇರಿಸಿದರೆ ನಿಲ್ಲಬೇಕು. ತಾಜಾ ನೀರಿನ ಲೀಟರಿನಲ್ಲಿ ಸುಮಾರು 10 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. 330 ಲೀಟರಿನದೆಲ್ಲ ಕಬ್ಬಿಣ ತಿಂದರೂ 12 ಗ್ರಾಂನಷ್ಟು ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ, ಅಲ್ಲಿಗೆ ಮುಗಿಯಿತು. ಪ್ರತಿ ತಿಂಗಳು ನೀರು ಸೇರಿಸುವ ಮನೆಯಲ್ಲಿ ಅದು ಮುಗಿಯುವುದೇ ಇಲ್ಲ, ಪಂಪು, ಫಿಲ್ಟರು ಎಲ್ಲ ಕರಿ ರಾಡಿಯಾಗುತ್ತವೆ.

ಹಾಗೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಸೋರಿಕೆ ಹುಡುಕುವ ಮೊದಲು ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ವಾಲ್ವಿನ ಪಿನ್ ಒತ್ತಿ. ನೀರು ಚಿಮ್ಮಿದರೆ ಒಳಗಿನ ರಬ್ಬರ್ ಹರಿದಿದೆ. ಕಾದಾಗ ಸೇಫ್ಟಿ ವಾಲ್ವ್ ತೊಟ್ಟಿಕ್ಕಿ, ತಣಿದಾಗ ಒತ್ತಡ ಬೀಳುವುದು ಅದರಿಂದಲೇ. ಟ್ಯಾಂಕ್ ಬದಲಿಸಿ, ಅದೇ ಕಾರ್ಟ್ರಿಡ್ಜಿನ ನೀರಲ್ಲಿ 1.5 ಬಾರಿಗೆ ತನ್ನಿ. ದಿನಾಂಕ, ಸೇರಿಸಿದ ಲೀಟರ್, ಕಂಡಕ್ಟಿವಿಟಿ, ಪಿಎಚ್ ಇಷ್ಟನ್ನು ಹೀಟ್ ಪಂಪಿನ ಪಕ್ಕದ ಪುಸ್ತಕದಲ್ಲಿ ಬರೆದಿಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.