ಎರಡನೇ ಸಲ ಯಾರೂ ಕೇಳುವುದಿಲ್ಲ

2023ರ ಅಕ್ಟೋಬರ್ 7, ಶನಿವಾರ. ಎರಡು ವರ್ಷದ ಓದಿಗೆಂದು ಜರ್ಮನಿಗೆ ಬಂದ ನಾನು ಸ್ಟುಟ್‌ಗಾರ್ಟಿನಿಂದ ರೈಲು ಹಿಡಿದು ಟ್ಯೂಬಿಂಗನ್ ಎಂಬ ವಿಶ್ವವಿದ್ಯಾಲಯದ ಊರು ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಬೆಳಿಗ್ಗೆ ಎದ್ದು ಹಾಲು, ಅಕ್ಕಿ, ಸೋಪು ತರೋಣವೆಂದು ಹೊರಟರೆ ಎಲ್ಲ ಅಂಗಡಿಗಳಿಗೂ ಬೀಗ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ ಎಂದು ಓದಿಕೊಂಡೇ ಬಂದಿದ್ದೆ. ಆದರೆ ಓದಿದ್ದು ಬೇರೆ, ಖಾಲಿ ಹೊಟ್ಟೆಯಲ್ಲಿ ಆ ಗಾಜಿನ ಬಾಗಿಲ ಮುಂದೆ ನಿಂತದ್ದು ಬೇರೆ. ಕೊನೆಗೆ ಸ್ಟೇಷನ್ ಕಡೆ ಒಂದು ಬೇಕರಿ ತೆರೆದಿತ್ತು. ಬ್ರೆಡ್ ಕೊಂಡು ನೆಕ್ಕಾರ್ ನದಿಯ ನಡುಗಡ್ಡೆಗೆ ಇಳಿದೆ. ಎರಡೂ ಬದಿಗೆ ದೊಡ್ಡ ದೊಡ್ಡ ಪ್ಲೇನ್ ಮರಗಳ ಸಾಲು, ಕೆಳಗೆಲ್ಲ ಹಳದಿ ಎಲೆ. ಊರಿಗೆ ಊರೇ ಅಲ್ಲಿ ಸುಮ್ಮನೆ ನಡೆದಾಡುತ್ತಿತ್ತು. ಅಷ್ಟು ಜನರ ನಡುವೆ ಅಷ್ಟೊಂದು ಮೌನ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಮೊದಲ ದಿನದಿಂದ ನನ್ನಲ್ಲಿ ಉಳಿದಿರುವುದು ಆ ಮೌನವೇ.

ಮೊದಲ ಎರಡು ವಾರ ಕಾಗದಪತ್ರದಲ್ಲೇ ಹೋಯಿತು. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಬಾಡಿಗೆಗೆ ಕೊಟ್ಟವರು ಸಹಿ ಹಾಕಿದ ಪತ್ರವಿಲ್ಲದೆ ಆ ಕೆಲಸ ಆಗುವುದಿಲ್ಲ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ಇಟ್ಟಿದ್ದ 11,208 ಯೂರೊದಲ್ಲಿ ತಿಂಗಳಿಗೆ 934 ಯೂರೊ ಕೈಗೆ ಬರಲು ಅಲ್ಲಿನ ಬ್ಯಾಂಕ್ ಖಾತೆ ಬೇಕು, ನಾನು ಹೋದ ಬ್ಯಾಂಕಿನಲ್ಲಿ ಖಾತೆಗೆ ಆ ವಿಳಾಸದ ಪತ್ರವನ್ನೇ ಕೇಳಿದರು. ಹೊರಡುವವರು ಮೊದಲ ತಿಂಗಳಿಗಾಗುವಷ್ಟು ಹಣ ಬೇರೆ ಇಟ್ಟುಕೊಳ್ಳಿ. ಇನ್ನೊಂದು ಮಾತು. ಜರ್ಮನಿಯಲ್ಲಿ ಓದು ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನಿಂದ ಬಂದವರು ಸೆಮಿಸ್ಟರಿಗೆ 1,500 ಯೂರೊ ಶುಲ್ಕ ಕಟ್ಟಬೇಕು. ಇದರ ಮೇಲೆ ರೇಡಿಯೋ, ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕದ ಪತ್ರ ಬಂದೇ ಬರುತ್ತದೆ.

ಇವೆಲ್ಲ ತಲೆನೋವಿನ ಕೆಲಸಗಳೇ, ಆದರೆ ಮನಸ್ಸಿಗೆ ತಾಗಲಿಲ್ಲ. ತಾಗಿದ್ದು ಒಂದು ಪುಟ್ಟ ಫಲಕ.

ನನ್ನದು ಹಳೆಯ ಮನೆಯೊಂದರ ಎರಡನೇ ಮಹಡಿಯ ಒಂದೇ ಕೋಣೆ. ಮೂರನೇ ವಾರ ಕಾಲೇಜಿನಿಂದ ಬಂದಾಗ ಬಾಗಿಲ ಹಿಡಿಗೆ ಅಂಗೈ ಅಗಲದ ಮರದ ಫಲಕವೊಂದು ದಾರದಲ್ಲಿ ನೇತಾಡುತ್ತಿತ್ತು. ಪೊರಕೆಯ ಚಿತ್ರ, ಅದರ ಕೆಳಗೆ ‘ಕೇರ್‌ವೋಖೆ’ ಎಂಬ ಪದ. ಯಾರೋ ಪ್ರೀತಿಯಿಂದ ಕೊಟ್ಟ ಅಲಂಕಾರ ಎಂದುಕೊಂಡು ಹಾಗೇ ಬಿಟ್ಟೆ. ಎಂಟು ದಿನದ ಮೇಲೆ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಮುದ್ದಾದ ಅಕ್ಷರ, ಖಡಕ್ ಮಾತು: ಕಳೆದ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದಾಗಿತ್ತು, ಗುಡಿಸಿಲ್ಲ, ದಯವಿಟ್ಟು ಗುಡಿಸಿ. ಬರೆದವರು ಎದುರು ಬಾಗಿಲಿನ ಅಜ್ಜಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಿನಾ ಮೆಟ್ಟಿಲ ಮೇಲೆ ಎದುರಾಗಿ ‘ಗ್ರ್ಯೂಸ್ ಗಾಟ್’ ಎಂದು ನಮಸ್ಕಾರ ಹೇಳುವ ಅಜ್ಜಿ. ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಚೀಟಿ ಯಾಕೆ? ನಾನು ಹೊರಗಿನಿಂದ ಬಂದವಳೆಂದೇ ಹೀಗೆ? ಸಣ್ಣ ಚೀಟಿಯೊಂದು ಎಲ್ಲೆಲ್ಲಿಗೆ ಕರೆದೊಯ್ಯುತ್ತದೆ ಎಂಬುದು ಪರಊರಿನಲ್ಲಿ ಒಬ್ಬರೇ ಇದ್ದವರಿಗೆ ಗೊತ್ತು.

ಬೆಳಿಗ್ಗೆ ಚೀಟಿ ಹಿಡಿದು ಅವರ ಬಾಗಿಲು ತಟ್ಟಿದೆ. ‘ಕೇರ್‌ವೋಖೆ ಅಂದರೆ ಏನು, ನನಗೆ ಗೊತ್ತಿಲ್ಲ, ತೋರಿಸಿಕೊಡುತ್ತೀರಾ?’ ಎಂದು ಹೇಗೋ ಜರ್ಮನ್‌ನಲ್ಲಿ ಜೋಡಿಸಿ ಕೇಳಿದೆ. ಅವರ ಮುಖ ಅರಳಿತು. ಒಳಗೆ ಹೋಗಿ ಬಕೆಟ್ಟು, ಪೊರಕೆ, ಒರೆಸುವ ಬಟ್ಟೆ ತಂದರು. ಮೇಲಿನ ಮೆಟ್ಟಿಲಿನಿಂದ ಶುರು ಮಾಡಬೇಕು, ಮೂಲೆಯಲ್ಲಿ ಧೂಳು ಕೂರುತ್ತದೆ, ಕೈಹಿಡಿಯನ್ನೂ ಒರೆಸಬೇಕು, ಆಮೇಲೆ ಫಲಕವನ್ನು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಮನೆಯೊಳಗಿನ ಮೆಟ್ಟಿಲಿಗೆ ಚಿಕ್ಕ ಕೇರ್‌ವೋಖೆ, ಹೊರಗಿನ ಕಾಲುದಾರಿಗೆ ದೊಡ್ಡ ಕೇರ್‌ವೋಖೆ. ಇದು ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ ಎಂದು ಅರ್ಧ ಗಂಟೆ ವಿವರಿಸಿದರು. ಅರ್ಧದಷ್ಟು ಅರ್ಥವಾಗಲಿಲ್ಲ. ನಾನು ಕಲಿತಿದ್ದು ಪುಸ್ತಕದ ಜರ್ಮನ್, ಅವರದು ಅಪ್ಪಟ ಶ್ವೇಬಿಷ್. ಪುಸ್ತಕದ ಕನ್ನಡ ಕಲಿತವರನ್ನು ಕುಂದಾಪುರದ ಸಂತೆಯಲ್ಲಿ ಬಿಟ್ಟಂತೆ.

ಮೆಟ್ಟಿಲು ಮುಗಿದ ಮೇಲೆ ಕೇಳಿದರು: ‘ಕಾಫಿ ಕುಡಿಯುತ್ತೀರಾ?’

‘ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ತೊಂದರೆ’ ಎಂದೆ. ನಮ್ಮ ಬಾಯಿಗೆ ಮೊದಲು ಬರುವುದೇ ಆ ಮಾತು.

‘ಸರಿ ಹಾಗಾದರೆ, ಒಳ್ಳೆಯದಾಗಲಿ’ ಎಂದು ನಕ್ಕು ಬಾಗಿಲು ಹಾಕಿಕೊಂಡರು. ಕಾಫಿಯ ಘಮ ಮೆಟ್ಟಿಲವರೆಗೂ ಬಂದಿತ್ತು. ನನಗೆ ನಿಜವಾಗಿಯೂ ಕಾಫಿ ಬೇಕಿತ್ತು, ಕಾಫಿಗಿಂತ ಹೆಚ್ಚಾಗಿ ಯಾರದಾದರೂ ಎದುರು ಕೂರಬೇಕಿತ್ತು. ಅವರು ಇನ್ನೊಂದು ಸಲ ಕೇಳುತ್ತಾರೆ, ಆಗ ಹೂಂ ಅನ್ನೋಣ ಎಂದುಕೊಂಡಿದ್ದೆ. ಅವರ ಪಾಲಿಗೆ ಬೇಡ ಎಂದರೆ ಬೇಡ. ನನ್ನ ಮಾತನ್ನು ಅವರು ಪೂರ್ತಿ ನಂಬಿದ್ದರು.

ಆ ದಿನ ತಿಳಿದದ್ದು ಎರಡು ವರ್ಷವೂ ಕೆಲಸಕ್ಕೆ ಬಂತು. ನಾನು ಬೆಳೆದದ್ದು ಹೇಳದೆ ಅರ್ಥ ಮಾಡಿಕೊಳ್ಳುವವರ ನಡುವೆ. ಮುಖ ಬಾಡಿದ್ದು ಕಂಡು ‘ಊಟ ಆಯ್ತಾ’ ಎನ್ನುವವರ ನಡುವೆ. ಅಲ್ಲಿ ನನ್ನ ಮುಖ ನೋಡಿ ಯಾರೂ ಊಹಿಸುವುದಿಲ್ಲ, ಹಾಗೆ ಊಹಿಸುವುದು ಇನ್ನೊಬ್ಬರ ವಿಷಯದಲ್ಲಿ ತಲೆ ಹಾಕಿದಂತೆ ಎಂದು ಅವರ ಭಾವನೆ. ಬಾಯಿಬಿಟ್ಟು ಕೇಳಿದರೆ ಮಾತ್ರ ತಮ್ಮ ಕೆಲಸ ಬಿಟ್ಟು ಬಂದು ಮಾಡಿಕೊಡುತ್ತಾರೆ.

ಟ್ಯೂಬಿಂಗನ್‌ನಲ್ಲಿ ಇರುವ ಕನ್ನಡಿಗರಿಗೆ ಕಿಟೆಲ್ ನೆನಪಾಗದೆ ಇರುವುದಿಲ್ಲ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್ ಕೊನೆಯ ದಿನಗಳನ್ನು ಕಳೆದದ್ದು ಈ ಊರಿನಲ್ಲೇ, 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ನವೆಂಬರಿನ ಒಂದು ಸಂಜೆ ಜರ್ಮನ್ ಪದಗಳನ್ನು ಉರು ಹೊಡೆಯುತ್ತಾ ಕೂತಿದ್ದಾಗ ಹೊಳೆಯಿತು. ಜರ್ಮನ್‌ನಲ್ಲಿ ಪ್ರಶ್ನೆ ಕೇಳುವುದಕ್ಕೆ ಒಂದು ಪದ, ಕಿವಿಯಿಂದ ಕೇಳುವುದಕ್ಕೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ‘ಕೇಳು’. ಆ ಮನುಷ್ಯ ಜರ್ಮನಿಯಿಂದ ಕನ್ನಡ ನಾಡಿಗೆ ಹೋಗಿ ಆ ಒಂದು ಪದದ ಎದುರು ಎಷ್ಟು ಹೊತ್ತು ಕೂತಿರಬಹುದು ಎಂದು ಯೋಚಿಸಿದೆ. ಜರ್ಮನಿಗೆ ಬಂದ ಮೇಲೆ ನಾನು ಕಿವಿಯಿಂದ ಮಾತ್ರ ಕೇಳುತ್ತಿದ್ದೆ.

ತರಗತಿಯಲ್ಲೂ ಅದೇ ಪಾಠ, ಆದರೆ ಕಷ್ಟದ್ದು. ಡಿಸೆಂಬರಿನಲ್ಲಿ ಸೆಮಿನಾರಿನಲ್ಲಿ ನನ್ನ ಮೊದಲ ಪ್ರೆಸೆಂಟೇಶನ್. ಮುಗಿಸಿ ‘ಧನ್ಯವಾದ’ ಎಂದ ತಕ್ಷಣ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ಎದೆ ಧಸಕ್ಕೆಂದಿತು. ಅಲ್ಲಿ ಚಪ್ಪಾಳೆಯ ಬದಲು ಮೇಜು ಕುಟ್ಟುತ್ತಾರೆ ಎಂದು ಪಕ್ಕದವಳನ್ನು ಕೇಳಿದ ಮೇಲೆ ಉಸಿರು ಬಂತು. ಅಷ್ಟರಲ್ಲಿ ಒಬ್ಬ ಸಹಪಾಠಿ ಕೈಯೆತ್ತಿದ. ‘ಮೂರನೇ ಸ್ಲೈಡಿನ ತೀರ್ಮಾನ ಎರಡನೇ ಸ್ಲೈಡಿನ ಅಂಕಿಅಂಶದಿಂದ ಹೊರಡುವುದಿಲ್ಲ. ಅದು ತಪ್ಪು.’ ಹಿಂದೆ ಮುಂದೆ ಒಂದು ಮೆತ್ತನೆಯ ಮಾತಿಲ್ಲ. ಎಲ್ಲರ ಎದುರು ಮಾನ ಹೋದಂತಾಯಿತು. ಐದು ನಿಮಿಷದ ನಂತರ ಅದೇ ಹುಡುಗ ಬ್ಯಾಗ್ ಏರಿಸಿಕೊಂಡು ಬಂದು, ‘ಮೆನ್ಸಾಗೆ ಊಟಕ್ಕೆ ಹೋಗೋಣವಾ?’ ಎಂದ. ಮೆನ್ಸಾ ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನು. ಅವನ ಮುಖದಲ್ಲಿ ಯಾವ ಭಾರವೂ ಇರಲಿಲ್ಲ. ಹೋದೆ. ತಟ್ಟೆ ಹಿಡಿದು ಕೂತು, ‘ಯಾಕೆ ತಪ್ಪು, ಹೇಳು’ ಎಂದೆ. ಕಾಗದದ ಕರವಸ್ತ್ರದ ಮೇಲೆ ಗ್ರಾಫ್ ಬರೆದು ತೋರಿಸಿದ. ಅವನು ಹೇಳಿದ್ದು ಸರಿಯಾಗಿತ್ತು. ಆ ಕರವಸ್ತ್ರದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ಮೇಲ್ ಬರೆಯುವ ಕ್ರಮವನ್ನೂ ಬದಲಿಸಿಕೊಂಡೆ. ಮೊದಲು ನಾನು ಪ್ರೊಫೆಸರರಿಗೆ ಬರೆಯುತ್ತಿದ್ದ ಮೇಲ್‌ನಲ್ಲಿ ಆರು ಸಾಲು ವಿನಯ, ಕೊನೆಯ ಸಾಲಿನಲ್ಲಿ ವಿಷಯ. ಒಂದಕ್ಕೆ ‘ನಿಮ್ಮ ಪ್ರಶ್ನೆ ಏನು?’ ಎಂದಷ್ಟೇ ಉತ್ತರ ಬಂತು. ಆಮೇಲೆ ಪ್ರಶ್ನೆಯನ್ನು ಮೊದಲ ಸಾಲಿನಲ್ಲಿ ಇಡತೊಡಗಿದೆ, ಅವರ ಭೇಟಿಯ ಸಮಯಕ್ಕೆ ಹೆಸರು ಬರೆಸಿ ಹೋಗತೊಡಗಿದೆ. ಎದುರು ಕೂತರೆ ಅದೇ ಪ್ರೊಫೆಸರರು ಇಪ್ಪತ್ತು ನಿಮಿಷ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು. ಪರೀಕ್ಷೆಯದೂ ಹೀಗೇ. ಕೋರ್ಸಿಗೆ ಸೇರಿದರೆ ಸಾಲದು, ಪರೀಕ್ಷೆಗೆ ಪ್ರತ್ಯೇಕವಾಗಿ ಗಡುವಿನೊಳಗೆ ಹೆಸರು ನೋಂದಾಯಿಸಬೇಕು. ಗೆಳತಿಯನ್ನು ಕೇಳಿದ್ದರಿಂದ ಕೊನೆಯ ವಾರದಲ್ಲಿ ತಿಳಿಯಿತು. ಅಂಕದ ಲೆಕ್ಕವೂ ತಲೆಕೆಳಗು: 1.0 ಎಂದರೆ ಅತ್ಯುತ್ತಮ, 4.0 ಬಂದರೆ ಪಾಸು, 5.0 ಬಂದರೆ ಫೇಲು. ಮನೆಯವರಿಗೆ ‘1.7 ಬಂತು’ ಎಂದಾಗ ಅಮ್ಮ ಸಮಾಧಾನ ಹೇಳಿದ್ದಳು.

ಚಳಿಗಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಭಾರತಕ್ಕೂ ಅಲ್ಲಿಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಮೊರ್ಗನ್‌ಸ್ಟೆಲ್ಲೆ ಗುಡ್ಡದ ಮೇಲಿನ ಲ್ಯಾಬಿನಿಂದ ಇಳಿದು ಮನೆ ಸೇರಿ ಫೋನ್ ಮಾಡಿದರೆ ಅಮ್ಮ ಮಲಗಿರುತ್ತಿದ್ದಳು. ಜನವರಿಯಲ್ಲಿ ಹಾಸಿಗೆಯಿಂದ ಏಳಲು ಮನಸ್ಸಾಗದ ದಿನಗಳು ಬಂದವು. ಅದನ್ನು ಸೋಮಾರಿತನ ಎಂದುಕೊಂಡು ಮೂರು ವಾರ ನನ್ನನ್ನೇ ಬೈದುಕೊಂಡೆ. ಆಮೇಲೆ ವಿದ್ಯಾರ್ಥಿಗಳಿಗೆಂದೇ ಇರುವ ಮನೋಸಲಹೆಗೆ ಹೆಸರು ಬರೆಸಿದೆ. ದಿನಾ ಮಧ್ಯಾಹ್ನ ಬೆಳಕಿರುವಾಗಲೇ ಅರ್ಧ ಗಂಟೆ ಹೊರಗೆ ನಡೆಯಬೇಕೆಂದು ಗೊತ್ತು ಮಾಡಿಕೊಂಡೆ, ಅಮ್ಮನಿಗೆ ಮಾಡುವ ಕರೆಯನ್ನು ಊಟದ ಬಿಡುವಿಗೆ ಬದಲಿಸಿದೆ. ಇವೆರಡರಿಂದ ಬಹಳ ಸಹಾಯವಾಯಿತು. ದಯವಿಟ್ಟು ನೀವು ಮೂರು ವಾರ ಕಾಯಬೇಡಿ.

ಮುಂದಿನ ಸಲ ನನ್ನ ಸರದಿ ಬಂದಾಗ ಮೆಟ್ಟಿಲು ತೊಳೆದು, ಅಜ್ಜಿ ಕಾಫಿ ಎನ್ನುವ ಮೊದಲೇ ಸಿದ್ಧಳಾಗಿದ್ದೆ. ‘ಯಾ, ಗೆರ್ನೆ.’ ಹೂಂ, ಖುಷಿಯಿಂದ. ಅಲ್ಲಿಂದ ಪ್ರತಿ ಸರದಿಗೂ ಒಂದು ಕಾಫಿ. ಎರಡನೇ ವರ್ಷದ ಶರತ್ಕಾಲದಲ್ಲಿ ಒಂದು ದಿನ ಅವರು ಬಟ್ಟಲು ಕೆಳಗಿಟ್ಟು, ತಮ್ಮ ಮೊದಲ ಹೆಸರು ಹೇಳಿ, ‘ಇನ್ನು ಮೇಲೆ ನಾವು ದು ಅನ್ನೋಣ’ ಎಂದರು. ದು ಎಂದರೆ ನೀನು, ಝೀ ಎಂದರೆ ನೀವು. ದೊಡ್ಡವರ ನಡುವೆ ದು ಅನ್ನಬೇಕಾದರೆ ಹಿರಿಯರೇ ಅದನ್ನು ಕೊಡಬೇಕು. ನನ್ನ ಬಾಯಲ್ಲಿ ಅಮ್ಮನಿಗೆ ನೀನು, ಹೊರಗಿನ ಹಿರಿಯರಿಗೆಲ್ಲ ನೀವು. ಎಪ್ಪತ್ತು ದಾಟಿದ ಅವರನ್ನು ಅಮ್ಮನ ಸಾಲಿನಲ್ಲಿ ಕೂರಿಸಿ ಮಾತಾಡಿಸಲು ನಾಲಿಗೆ ಹೊರಳಲಿಕ್ಕೆ ಒಂದು ವಾರ ಹಿಡಿಯಿತು.

ಆ ಚಳಿಗಾಲ ಕೆಳಗಿನ ಮಹಡಿಗೆ ಹೊಸ ಹುಡುಗನೊಬ್ಬ ಓದಲು ಬಂದ. ಅವನಿಗೆ ಚೀಟಿ ಅಂಟಿಸಲಿಲ್ಲ. ಫಲಕ ಹಿಡಿದು ನಾನೇ ಬಾಗಿಲು ತಟ್ಟಿ, ಬಕೆಟ್ಟು ಪೊರಕೆ ತಂದು ತೋರಿಸಿಕೊಟ್ಟೆ. ಮುಗಿದ ಮೇಲೆ ಕಾಫಿಗೆ ಕರೆದೆ. ‘ಇಲ್ಲ ಇಲ್ಲ, ಪರವಾಗಿಲ್ಲ’ ಎಂದು ತಲೆ ತಗ್ಗಿಸಿದ. ಎರಡು ಮೆಟ್ಟಿಲು ಹತ್ತಿದವಳು ತಿರುಗಿ ನಿಂತು ಇನ್ನೊಂದು ಸಲ ಕೇಳಿದೆ.