ಗೆಳೆಯ ಪಕ್ಕದಲ್ಲಿ ಇಲ್ಲದಾಗ

ಗೆಳೆತನದ ಸಿನಿಮಾದಲ್ಲಿ ಬೇರೆ ಜಾತಿಯವನೋ ಬೇರೆ ಬಣ್ಣದವನೋ ಒಬ್ಬನಿದ್ದರೆ ಎಲ್ಲರಿಗೂ ಜಾಗ ಸಿಕ್ಕಿತು ಎಂದು ನಾವು ಬೇಗ ಸಮಾಧಾನಪಟ್ಟುಕೊಳ್ಳುತ್ತೇವೆ. ಆ ಜಾಗ ಎಂಥದ್ದು ಎಂದು ವಿಚಾರಿಸುವುದನ್ನು ಕಲಿಸಬೇಕೆನ್ನಿಸಿ, ದಾವಣಗೆರೆಯ ನಮ್ಮ ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ನಾನು ‘ಗ್ರೀನ್ ಬುಕ್’ ತೋರಿಸಿದೆ.

ಪೀಟರ್ ಫರೆಲಿ ನಿರ್ದೇಶನದ ಈ ಚಿತ್ರ ಬಂದದ್ದು 2018ರಲ್ಲಿ. ಶ್ರೇಷ್ಠ ಚಿತ್ರವೆಂದು ಆಸ್ಕರ್ ಕೂಡ ಪಡೆಯಿತು. 1962ರಲ್ಲಿ ಕಪ್ಪು ಪಿಯಾನೋ ವಾದಕ ಡಾನ್ ಶರ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಸಂಗೀತ ಪ್ರವಾಸ ಹೊರಡುತ್ತಾನೆ. ಇಟಾಲಿಯನ್ ಮೂಲದ ಟೋನಿ ವಲೆಲೊಂಗ ಅವನ ಕಾರಿನ ಚಾಲಕ.

ಮೊದಲ ಸಲ ಸುಮ್ಮನೆ ನೋಡಿದೆವು. ಮಕ್ಕಳು ಅತ್ತರು, ನಕ್ಕರು. ಎರಡನೆಯ ಸಲ ನೋಟ್ ಪುಸ್ತಕದಲ್ಲಿ ಪ್ರತಿ ಪಾತ್ರಕ್ಕೊಂದು ಅಂಕಣದಂತೆ ಗೆರೆ ಎಳೆದು ಕುಳಿತೆವು. ದೃಶ್ಯ ಯಾರ ಮನೆಯಲ್ಲಿ ನಡೆಯುತ್ತಿದೆ, ಯಾರಿಗೆ ಬಂಧುಬಳಗವಿದೆ, ಗೆಳೆಯ ಪಕ್ಕದಲ್ಲಿ ಇಲ್ಲದಾಗ ಈ ಪಾತ್ರ ಏನು ಮಾಡುತ್ತದೆ? ಈ ಮೂರನೆಯ ಪ್ರಶ್ನೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಮಾತಿನ ಸಾಲುಗಳನ್ನು ಎಣಿಸಿದರೆ ಇಬ್ಬರೂ ಸಮ ಎಂಬ ಭ್ರಮೆ ಹುಟ್ಟಬಹುದು; ಈ ಪ್ರಶ್ನೆಯ ಮುಂದೆ ಅದು ನಿಲ್ಲುವುದಿಲ್ಲ.

ಟೋನಿಯ ಅಂಕಣ ಬೇಗ ತುಂಬಿತು. ಹೆಂಡತಿ, ಮಕ್ಕಳು, ನೆಂಟರು, ಕೆಲಸದ ಚಿಂತೆ ಎಲ್ಲವೂ ಅವನಿಗಿವೆ. ಚಿತ್ರ ಆರಂಭವಾಗುವುದು ಅವನ ಬದುಕಿನಿಂದ, ಮುಗಿಯುವುದು ಅವನ ಮನೆಯ ಕ್ರಿಸ್ಮಸ್ ಊಟದಲ್ಲಿ. ಶರ್ಲಿಯ ಅಂಕಣದಲ್ಲಿ ಒಂಟಿತನವೇ ಹೆಚ್ಚು. ಅವನು ಪುರುಷರತ್ತ ಆಕರ್ಷಿತನಾದವನು ಎಂಬ ಸಂಗತಿ ಒಂದು ಬಂಧನದ ದೃಶ್ಯದಲ್ಲಿ ಬರುತ್ತದೆ, ಅಲ್ಲಿಯೂ ಅವನನ್ನು ಬಿಡಿಸುವವನು ಟೋನಿಯೇ. ಟೋನಿಯ ಹೆಂಡತಿ ಡೊಲೊರೆಸ್ ಬಹುಪಾಲು ಗಂಡನ ಪತ್ರಗಳನ್ನು ಓದುತ್ತಾಳೆ. ಶರ್ಲಿಯ ಮನೆಯ ಭಾರತೀಯ ಸೇವಕನನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗುರುತಿಸಿದಳು. ಅವನ ಬಗ್ಗೆ ಬರೆಯಲು ಯಾರಿಗೂ ಹೆಚ್ಚೇನೂ ಸಿಗಲಿಲ್ಲ.

ಆದರೂ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ದೃಶ್ಯ ನಮ್ಮೆಲ್ಲರನ್ನೂ ಹಿಡಿದು ಕೂರಿಸಿತು. ಸಂಗೀತ ಕಛೇರಿ ನಡೆಸಲು ಕರೆದವರೇ ಶರ್ಲಿಯನ್ನು ಊಟದ ಕೋಣೆಯೊಳಗೆ ಬಿಡುವುದಿಲ್ಲ; ಅವನು ಪಿಯಾನೋ ಮುಟ್ಟದೆ ಹೊರಟುಬಿಡುತ್ತಾನೆ. ಹೋಟೆಲುಗಳಲ್ಲಿ ಬೇರೆ ಲೋಟ ಇಡುತ್ತಿದ್ದ ಕಥೆಗಳನ್ನು ಮನೆಯ ಹಿರಿಯರಿಂದ ಕೇಳಿದ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಅವರಿಗೆ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಆಮೇಲೆ ತೆರೆಯ ಹಿಂದೆ ಯಾರಿದ್ದಾರೆಂದು ನೋಡಿದೆವು. ಇದನ್ನು ಬಿಟ್ಟರೆ ಪರಿಶೀಲನೆ ಅರ್ಧಕ್ಕೇ ನಿಂತಂತೆ. ಚಿತ್ರಕಥೆ ಬರೆದ ಮೂವರಲ್ಲಿ ಒಬ್ಬರಾದ ನಿಕ್ ವಲೆಲೊಂಗ ಟೋನಿಯ ಮಗ. ಶರ್ಲಿಯವರ ಕುಟುಂಬದವರು ಚಿತ್ರದ ನಿರೂಪಣೆಯನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಶರ್ಲಿಯ ಪಾತ್ರ ಮಾಡಿದ ನಟ ಮಹೆರ್ಶಾಲಾ ಅಲಿ ಆ ಕುಟುಂಬದವರಿಗೆ ಕರೆ ಮಾಡಿ ಕ್ಷಮೆ ಕೇಳಿದರು. ಶೀರ್ಷಿಕೆಗೆ ಕಾರಣವಾದ ಕೈಪಿಡಿಯನ್ನು ಕಪ್ಪು ಪ್ರಯಾಣಿಕರಿಗಾಗಿ 1936ರಲ್ಲಿ ಹೊರತಂದವರು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್. ಎಲ್ಲಿ ಉಳಿಯಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸುತ್ತಿದ್ದ ಆ ಪುಸ್ತಕವನ್ನು ಚಿತ್ರದಲ್ಲಿ ತಿರುವಿ ನೋಡುವವನು ಬಿಳಿಯ ಚಾಲಕ. ಇದು ಗೊತ್ತಾದ ಮೇಲೆ ಮಕ್ಕಳು ತಮ್ಮ ಟಿಪ್ಪಣಿಯನ್ನು ಇನ್ನೊಮ್ಮೆ ತಿದ್ದಿದರು.

ಕೊನೆಗೆ ಅಂಕ ಕೊಡಿ ಎಂದು ಕೆಲವರು ಕೇಳಿದರು. ನಾನು ಕೊಡಲಿಲ್ಲ. ಬರ್ಮಿಂಗ್‌ಹ್ಯಾಮಿನ ಆ ನಿರಾಕರಣೆಯನ್ನೂ ಶರ್ಲಿಯ ಬರಿದಾದ ಅಂಕಣವನ್ನೂ ಕೂಡಿಸಿ ಕಳೆದು ಒಂದು ಅಂಕಿಗೆ ಇಳಿಸಿದರೆ ಎರಡಕ್ಕೂ ಅನ್ಯಾಯ. ಅದರ ಬದಲು ಅದೇ ಅಂಕಣಗಳನ್ನಿಟ್ಟು ತಮ್ಮ ಸ್ವಂತ ಗೆಳೆತನದ ಬಗ್ಗೆ ಒಂದು ದೃಶ್ಯ ಬರೆಯಲು ಹೇಳಿದೆ. ಜಗಳೂರು ಕಡೆಯ ತಾಂಡಾದಿಂದ ಬರುವ ಹುಡುಗನೊಬ್ಬ ಹಾಳೆ ಕೊಡುತ್ತಾ, “ಮೇಡಂ, ನಾನು ಅವನ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಅವನು ನಮ್ಮ ತಾಂಡಾಕ್ಕೆ ಬಂದಿಲ್ಲ. ದೃಶ್ಯವನ್ನು ಅಲ್ಲಿಯೇ ಇಟ್ಟಿದ್ದೇನೆ,” ಎಂದ.