ರೊಟ್ಟಿ ಬಡಿಯುವ ಕೈಗೆ ಬಾಳೆಹಣ್ಣಿನ ಮಫಿನ್

ಶರಣಬಸವೇಶ್ವರರ ಜಾತ್ರೆ ಮುಗಿದ ವಾರ ಕಲಬುರಗಿಯ ಬಹಳಷ್ಟು ಮನೆಗಳಲ್ಲಿ ಒಂದು ಬುಟ್ಟಿ ಬಾಳೆಹಣ್ಣು ಕಪ್ಪಾಗುತ್ತಾ ಕುಳಿತಿರುತ್ತದೆ. ಬೀಗರು ತಂದದ್ದು ಅರ್ಧ, ಪೂಜೆಗೆ ಇಟ್ಟದ್ದು ಅರ್ಧ. ಹೊರಗೆ ಬಿಸಿಲು ಏರಲು ಶುರುವಾಗಿರುತ್ತದೆ, ಸೋಮವಾರ ಹಳದಿ ಇದ್ದ ಹಣ್ಣು ಬುಧವಾರಕ್ಕೆ ಚುಕ್ಕಿ ಬಿದ್ದು ಶುಕ್ರವಾರಕ್ಕೆ ಮೆತ್ತಗಾಗುತ್ತದೆ. ಶೀಕರಣಿ ಒಂದು ದಿನ ಮಾಡಬಹುದು, ಎರಡು ದಿನ ಮಾಡಬಹುದು. ಮೂರನೇ ದಿನ ಮಕ್ಕಳು ತಟ್ಟೆ ಸರಿಸುತ್ತಾರೆ. ಆಗ ಯಾರಾದರೂ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಚಾಕೊಲೇಟ್ ಚಿಪ್ಸ್ ಹಾಕಿದ ಮಫಿನ್ ಮಾಡಲು ಹೊರಡುತ್ತಾರೆ.

ಮಾಡಿದ ಮೇಲೆ ನನಗೆ ಫೋನು. “ವೈನೀ, ಮ್ಯಾಲೆ ಉಬ್ಬ್ಯಾವ್ರಿ, ಒಳಗ ಮಾತ್ರ ರಬ್ಬರ್ ಆಗ್ಯಾವ. ಹಿಂಗ್ಯಾಕ?” ನಾದಿನಿಯ ಮನೆಯಲ್ಲಿ, ಓಣಿಯಲ್ಲಿ, ತವರಿನಲ್ಲಿ ಇದೇ ಮಾತು ಕೇಳಿದ್ದೇನೆ. ನನ್ನ ಮೊದಲ ಮಫಿನ್‌ಗಳೂ ಹಾಗೇ ಆಗಿದ್ದವು. ತಪ್ಪು ಹಣ್ಣಿನದಲ್ಲ, ಓವನ್ನಿನದೂ ಅಲ್ಲ, ಕೈಯದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಮೊದಲು ಸಾಮಾನು.

ಹತ್ತು ಮಫಿನ್‌ಗೆ: ಸಿಪ್ಪೆ ಸುಲಿದ ಬಾಳೆಹಣ್ಣು 300 ಗ್ರಾಂ, ಮೈದಾ 200 ಗ್ರಾಂ, ಸಕ್ಕರೆ 100 ಗ್ರಾಂ, ಎಣ್ಣೆ 80 ಮಿ.ಲೀ., ಒಂದು ತತ್ತಿ ಅಥವಾ 60 ಗ್ರಾಂ ಗಟ್ಟಿ ಮೊಸರು, ಅಡುಗೆ ಸೋಡಾ ಮುಕ್ಕಾಲು ಚಹಾ ಚಮಚ, ಬೇಕಿಂಗ್ ಪೌಡರ್ ಅರ್ಧ ಚಹಾ ಚಮಚ, ಉಪ್ಪು ಕಾಲು ಚಮಚ, ಚಾಕೊಲೇಟ್ ಚಿಪ್ಸ್ 100 ಗ್ರಾಂ.

ನಮ್ಮ ಮನೆಯಲ್ಲಿ ತತ್ತಿ ನಡೆಯುವುದಿಲ್ಲ. ನಾನು ಮಾಡುವುದು ಮೊಸರಿನದೇ, ಅದೇನೂ ಕಡಿಮೆಯಲ್ಲ. ತತ್ತಿ ಹಾಕಿದ್ದು ಸ್ವಲ್ಪ ಹಗುರ ಅನ್ನಿಸುತ್ತದೆ, ಮೊಸರಿನದು ಸ್ವಲ್ಪ ಹಸಿ ಹಸಿಯಾಗಿ ಮೆತ್ತಗಿರುತ್ತದೆ. ಮೊಸರು ಹುಳಿಯಾಗಿದ್ದರೆ ಇನ್ನೂ ಛಲೋ, ಆ ಹುಳಿಗೇ ಸೋಡಾ ಏಳುವುದು.

ಎಣ್ಣೆಗೆ ವಾಸನೆ ಇರಬಾರದು. ಗಾಣದ ಕುಸುಬಿ ಎಣ್ಣೆ, ಸೇಂಗಾ ಎಣ್ಣೆ ಪಲ್ಯಕ್ಕೆ ಒಳ್ಳೆಯದು, ಇಲ್ಲಿ ಹಾಕಿದರೆ ಚಾಕೊಲೇಟಿನ ಹಿಂದಿನಿಂದ ಒಗ್ಗರಣೆ ಇಣುಕುತ್ತದೆ. ಸೂರ್ಯಕಾಂತಿ ಸಾಕು. ಬೆಣ್ಣೆಯೇ ಬೇಕು ಎನ್ನುವವರು ಹಾಕಿಕೊಳ್ಳಿ, ಆದರೆ ಎಣ್ಣೆಯದು ಮರುದಿನವೂ ಮೆತ್ತಗೆ ಉಳಿಯುತ್ತದೆ.

ಹಂತ 1: ಹಣ್ಣು

ಕಪ್ಪಗಿದ್ದದ್ದೆಲ್ಲ ಕಳಿತ ಹಣ್ಣಲ್ಲ. ಇದು ಗೊತ್ತಿಲ್ಲದೆ ಬಹಳ ಮಂದಿ ಮೋಸ ಹೋಗುತ್ತಾರೆ. ಹಳದಿ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಎರಡು ದಿನದಲ್ಲಿ ಕಪ್ಪಾಗುತ್ತದೆ, ಚಳಿಗೆ ಸಿಪ್ಪೆ ಕೆಟ್ಟದ್ದು ಅಷ್ಟೇ. ಒಳಗಿನ ತಿರುಳು ಇನ್ನೂ ಗಟ್ಟಿ, ಸಿಹಿಯೂ ಏರಿರುವುದಿಲ್ಲ. ಬಾಳೆಕಾಯಿಯಲ್ಲಿ ಹೆಚ್ಚುಕಡಿಮೆ 20 ಶೇಕಡಾ ಪಿಷ್ಟವಿರುತ್ತದೆ. ಹಣ್ಣಾಗುತ್ತಾ ಆಗುತ್ತಾ ಅದರ ಬಹುಪಾಲು ಸಕ್ಕರೆಯಾಗುತ್ತದೆ, ಪೂರ್ತಿ ಕಳಿತ ಹಣ್ಣಿನಲ್ಲಿ ಒಂದೆರಡು ಶೇಕಡಾ ಪಿಷ್ಟ ಉಳಿದರೆ ಹೆಚ್ಚು. ಆ ಬದಲಾವಣೆಗೆ ಬೇಕಾದದ್ದು ಫ್ರಿಜ್ಜಿನ ತಂಪಲ್ಲ, ಹೊರಗಿನ ಬೆಚ್ಚಗಿನ ಜಾಗ. ಅದಕ್ಕೆ ನಮ್ಮೂರಲ್ಲಿ ಬರವಿಲ್ಲ.

ಹಳದಿ ಹಣ್ಣನ್ನೇ ಓವನ್ನಿನಲ್ಲಿ ಕಾಲು ಗಂಟೆ ಇಟ್ಟು ಕಪ್ಪು ಮಾಡಿ ಎನ್ನುವ ಉಪಾಯವೂ ಓಡಾಡುತ್ತಿದೆ. ಹಣ್ಣು ಕಪ್ಪಾಗುತ್ತದೆ, ಮೆತ್ತಗೂ ಆಗುತ್ತದೆ, ಮೂರು ದಿನ ಹೊರಗಿಟ್ಟ ಹಣ್ಣಿನ ಸಿಹಿ ಮಾತ್ರ ಬರುವುದಿಲ್ಲ. ಎರಡು ದಿನ ತಡೆಯಿರಿ, ಬುಟ್ಟಿಯಲ್ಲೇ ಆಗುತ್ತದೆ.

ಸರಿಯಾದ ಹಣ್ಣು ಹಿಡಿದರೆ ಕೈಯಲ್ಲಿ ಸೋಲುತ್ತದೆ, ಸುಲಿದರೆ ಜೇನಿನ ವಾಸನೆ ಬರುತ್ತದೆ. ಹೆಂಡದ ವಾಸನೆ ಬಂದರೆ, ತೊಟ್ಟಿನ ಬಳಿ ಬೂಸ್ಟು ಹಿಡಿದಿದ್ದರೆ, ನೀರು ಸೋರುತ್ತಿದ್ದರೆ ತಿಪ್ಪೆಗೆ ಹಾಕಿ. ಒಂದೇ ಸಲ ಎಲ್ಲಾ ಕಳಿತರೆ ಸಿಪ್ಪೆ ಸುಲಿದು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಸಿಪ್ಪೆ ಸಮೇತ ಇಟ್ಟರೆ ಆಮೇಲೆ ಕಲ್ಲಿನಂತಾದ ಹಣ್ಣಿನ ಸಿಪ್ಪೆ ಚಾಕುವಿನಿಂದ ಕೆತ್ತಬೇಕಾಗುತ್ತದೆ. ಕರಗಿದಾಗ ಬಿಟ್ಟ ಕಂದು ನೀರನ್ನು ಚೆಲ್ಲಬೇಡಿ, ರುಚಿ ಅದರಲ್ಲೇ ಇದೆ.

ಮತ್ತೊಂದು ಮಾತು. “ಇನ್ನೆರಡು ಉಳ್ದಾವ, ಅವನ್ನೂ ಹಾಕಿಬಿಡ್ತೀನಿ” ಎನ್ನಬೇಡಿ. ಜಿ-9 ಎಂಬ ದೊಡ್ಡ ತಳಿಯ ಹಣ್ಣಾದರೆ ಮೂರಕ್ಕೇ 300 ಗ್ರಾಂ ಆಗುತ್ತದೆ, ಏಲಕ್ಕಿ ಬಾಳೆಯಾದರೆ ಆರೇಳು ಬೇಕು. ಎಣಿಸಬೇಡಿ, ತೂಗಿ. ಹೆಚ್ಚಾದರೆ ಒಳಗೆ ಎಂದೂ ಬೇಯದ ಅಂಟು ಪದರ ಉಳಿಯುತ್ತದೆ.

ಕಡಗೋಲಿನಿಂದಲೋ ಫೋರ್ಕಿನಿಂದಲೋ ಕಿವುಚಿ. ಸಣ್ಣ ಗಂಟು ಉಳಿಯಲಿ. ಮಿಕ್ಸಿಗೆ ಹಾಕಬೇಡಿ, ಲೋಳೆಯಾಗುತ್ತದೆ.

ಹಂತ 2: ಹಸಿ ಒಂದು ಕಡೆ, ಒಣ ಒಂದು ಕಡೆ

ಕಿವುಚಿದ ಹಣ್ಣು, ಸಕ್ಕರೆ, ಎಣ್ಣೆ, ಮೊಸರು ಒಂದು ಬೋಗುಣಿಯಲ್ಲಿ ಚೆನ್ನಾಗಿ ಕದಡಿ. ಇಲ್ಲಿ ಎಷ್ಟು ಬೇಕಾದರೂ ತಿರುವಿ, ಕೈಯ ಆಸೆಯನ್ನೆಲ್ಲ ಇಲ್ಲೇ ತೀರಿಸಿಕೊಳ್ಳಿ. ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪು ಇನ್ನೊಂದರಲ್ಲಿ ಎರಡು ಸಲ ಜರಡಿ ಹಿಡಿಯಿರಿ.

ಸೋಡಾ, ಪೌಡರ್ ಎರಡೂ ಒಂದೇ ಅಂದುಕೊಂಡವರಿದ್ದಾರೆ. ಸೋಡಾಕ್ಕೆ ಹುಳಿ ಬೇಕು, ಪೌಡರಿನಲ್ಲಿ ಹುಳಿ ಮೊದಲೇ ಬೆರೆತಿರುತ್ತದೆ. ಪೌಡರ್ ಇಲ್ಲವೆಂದು ಸೋಡಾವನ್ನೇ ದುಪ್ಪಟ್ಟು ಹಾಕಿದರೆ ಮಫಿನ್ ಕಪ್ಪಗಾಗಿ ಸಾಬೂನಿನ ರುಚಿ ಹೊಡೆಯುತ್ತದೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಹಣ್ಣಿನ ಉಪ್ಪಿನ ಪುಡಿ ಹಾಕಿದರೂ ಏಳುತ್ತದೆ, ನಿಜ. ಆದರೆ ಬಿದ್ದ ಕ್ಷಣವೇ ಬುಸ್ಸೆಂದು ಎದ್ದು, ಟ್ರೇ ಓವನ್ ಮುಟ್ಟುವ ಹೊತ್ತಿಗೆ ಅರ್ಧ ಇಳಿದಿರುತ್ತದೆ. ಪೌಡರ್ ಡಬ್ಬಿ ಕಳೆದ ದೀಪಾವಳಿಯದೋ ಅದರ ಹಿಂದಿನದೋ ಎಂಬ ಅನುಮಾನವಿದ್ದರೆ ಬಿಸಿ ನೀರಿಗೆ ಅರ್ಧ ಚಮಚ ಹಾಕಿ ನೋಡಿ. ನೊರೆ ಬರದಿದ್ದರೆ ಎಸೆಯಿರಿ.

ಓವನ್ನನ್ನು ಈಗಲೇ 200 ಡಿಗ್ರಿಗೆ ಹಚ್ಚಿಡಿ. ಮುಂದಿನ ಹಂತ ಎರಡು ನಿಮಿಷದ್ದು, ಅದಾದ ಮೇಲೆ ಹಿಟ್ಟು ಕಾಯುತ್ತಾ ಕೂಡಬಾರದು.

ಹಂತ 3: ಕಲಸುವುದು (ಎಲ್ಲರೂ ಕೆಡಿಸುವುದು ಇಲ್ಲೇ)

ನಾವು ಜೋಳದ ರೊಟ್ಟಿಯ ಮಂದಿ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಜಿಗುಟು ಇಲ್ಲವೇ ಇಲ್ಲ. ಅದಕ್ಕೇ ಕುದಿವ ನೀರು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ನಾದದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹೋಳಿಗೆಯ ಕಣಕ ಇದಕ್ಕೆ ಉಲ್ಟಾ, ಅದರಲ್ಲಿ ಜಿಗುಟು ಬೇಕೆಂದೇ ನಾದುತ್ತೇವೆ. ಗೋಧಿ, ಮೈದಾದ ಪ್ರೊಟೀನಿಗೆ ನೀರು ತಾಗಿ, ಅದನ್ನು ಎಳೆದು ಜಗ್ಗಿದಷ್ಟೂ ಎಳೆ ಎಳೆಯಾಗಿ ಹೆಣೆದುಕೊಳ್ಳುತ್ತದೆ. ಹೂರಣ ತುಂಬಿ ಕಾಗದದಷ್ಟು ತೆಳ್ಳಗೆ ಲಟ್ಟಿಸಿದರೂ ಹರಿಯದಿರುವುದು ಆ ಎಳೆಯಿಂದ.

ಅಂದರೆ ಎರಡೂ ಕಡೆ ನಮ್ಮ ಕೈಗೆ ಕಲಿಸಿದ್ದು ಒಂದೇ ಪಾಠ: ಇನ್ನಷ್ಟು ನಾದು. ಮಫಿನ್ ಕೇಳುವುದು ಬೇರೆ. ಹೋಳಿಗೆಯನ್ನು ಗೆಲ್ಲಿಸಿದ ಎಳೆಯೇ ಇಲ್ಲಿ ರಬ್ಬರ್. ಆ ಬಲೆಯೊಳಗೆ ಗಾಳಿ ಸಿಕ್ಕಿಕೊಂಡು ದಾರಿ ಹುಡುಕುತ್ತಾ ಮೇಲೇರುವುದರಿಂದ ಒಳಗೆ ಇರುವೆ ಗೂಡಿನ ಹಾಗೆ ಉದ್ದುದ್ದ ಸುರಂಗ ಬೀಳುತ್ತವೆ, ತಲೆ ಚೂಪಾಗಿ ಶಿಖರದಂತೆ ಏಳುತ್ತದೆ. ನಿಮ್ಮ ಮಫಿನ್ ಚೂಪಾಗಿ ಎದ್ದಿದ್ದರೆ ಫೋಟೊ ತೆಗೆದು ಎಲ್ಲರಿಗೂ ಕಳಿಸಬೇಡಿ. ಮೊದಲು ಒಂದನ್ನು ಮುರಿದು ನೋಡಿ.

ಹಾಗಾದರೆ ಹೇಗೆ? ಒಣ ಹಿಟ್ಟನ್ನೆಲ್ಲ ಹಸಿಯದರ ಮೇಲೆ ಒಮ್ಮೆಲೇ ಸುರಿಯಿರಿ. ಸ್ವಲ್ಪ ಸ್ವಲ್ಪ ಹಾಕಿದರೆ ಪ್ರತಿ ಸಲವೂ ತಿರುವಬೇಕಾಗುತ್ತದೆ, ಲೆಕ್ಕ ತಪ್ಪುತ್ತದೆ. ಕಡಗೋಲು ತಗೊಳ್ಳಬೇಡಿ, ಬೀಟರ್ ಅಂತೂ ಕಪಾಟಿನಿಂದ ಹೊರಗೇ ಬರಬಾರದು. ಚಪ್ಪಟೆ ಸಟುಗ ಅಥವಾ ಸಿಲಿಕಾನ್ ಸ್ಪಾಚುಲಾ ಇರಲಿ. ಬೋಗುಣಿಯ ಅಂಚಿನಿಂದ ಇಳಿಸಿ, ತಳ ಸವರಿ, ಮೇಲೆ ಎತ್ತಿ ಮಗುಚಿ. ಬೋಗುಣಿಯನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಮಗುಚಿ. ಎಣಿಸಿ, ನಾನು ಇವತ್ತಿಗೂ ಬಾಯಿಬಿಟ್ಟು ಎಣಿಸುತ್ತೇನೆ. ಎಂಟು ಮಗುಚಿದಾಗ ಅಲ್ಲಲ್ಲಿ ಬಿಳಿ ಹಿಟ್ಟಿನ ಗೆರೆ ಇನ್ನೂ ಕಾಣುತ್ತಿರುತ್ತದೆ. ಆಗಲೇ ಚಾಕೊಲೇಟ್ ಚಿಪ್ಸ್ ಹಾಕಿ. ಇನ್ನು ನಾಲ್ಕೈದು ಸಲ. ನಿಲ್ಲಿಸಿ.

ನಿಲ್ಲಿಸಿದಾಗ ಹಿಟ್ಟು ಚಂದ ಕಾಣುವುದಿಲ್ಲ. ಗಂಟು ಗಂಟಾಗಿರುತ್ತದೆ, ಸಟುಗದಿಂದ ಎತ್ತಿದರೆ ಹರಿಯುವುದಿಲ್ಲ, ದಪ್ಪ್ ಎಂದು ಬೀಳುತ್ತದೆ. ಆಗ ಪಕ್ಕದಲ್ಲಿ ನಿಂತವರು ತಪ್ಪದೆ ಹೇಳುತ್ತಾರೆ, “ಗಂಟು ಅವ ನೋಡ್ರಿ ಇನ್ನಾ.” ನಮ್ಮ ಅತ್ತೆಯವರು ಹೇಳಿ ಸುಮ್ಮನಾಗಲಿಲ್ಲ, ನಾನು ಟ್ರೇ ತರಲು ಹೋದಾಗ ಸಟುಗ ತಗೊಂಡು ನೂರು ಸುತ್ತು ತಿರುವಿ ರೇಷ್ಮೆಯಂತೆ ಮಾಡಿಟ್ಟಿದ್ದರು. ಅವತ್ತಿನ ಮಫಿನ್ ಗೋಡೆಗೆ ಹೊಡೆದರೆ ವಾಪಸ್ ಬರುತ್ತಿದ್ದವು. ಈಗ ಕಲಸಿದ ಮೇಲೆ ಸಟುಗವನ್ನು ನೀರಿಗೆ ಹಾಕಿಬಿಡುತ್ತೇನೆ. ನಂಬಿ, ಆ ಗಂಟು ಓವನ್ನಿನಲ್ಲಿ ತಾವೇ ಕರಗುತ್ತವೆ.

200 ಗ್ರಾಂ ಮೈದಾದಲ್ಲಿ 50 ಗ್ರಾಂ ತೆಗೆದು ಸಣ್ಣಗೆ ಜರಡಿ ಹಿಡಿದ ಜೋಳದ ಹಿಟ್ಟು ಹಾಕಿದರೆ ಜಿಗುಟು ತಾನೇ ಕಡಿಮೆಯಾಗುತ್ತದೆ, ಕೈ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಗಿರಣಿಯವನು ದಪ್ಪ ಬೀಸಿದ ಹಿಟ್ಟಾದರೆ ಬೇಡ, ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ.

ಚಿಪ್ಸ್ ಬಗ್ಗೆ ಎರಡು ಮಾತು

ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಡಿಯಾಗಿ ಕಟ್ಟಿ ಕೊಡುವ ಅಗ್ಗದ ಚಿಪ್ಸ್‌ಗೆ ಹೆಸರು ಚಾಕೊಲೇಟ್, ಒಳಗಿರುವುದು ಸಕ್ಕರೆ ಮತ್ತು ವನಸ್ಪತಿ ಜಾತಿಯ ಕೊಬ್ಬು. ಪ್ಯಾಕೆಟ್ ತಿರುಗಿಸಿ ಓದಿ. ಕೋಕೋ ಬಟರ್ ಎಂದಿದ್ದರೆ ತಗೊಳ್ಳಿ, ಅದರ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್, ಅಂದರೆ ಅಸಲಿಯಲ್ಲದ ಚಾಕೊಲೇಟ್. ತಿಂದರೆ ಅಂಗುಳಕ್ಕೆ ಮೇಣ ಅಂಟಿದಂತಾಗುತ್ತದೆ. ಅಸಲಿ ಚಾಕೊಲೇಟಿನ ತೊಂದರೆಯೆಂದರೆ ಕೋಕೋ ಬಟರ್ ಸುಮಾರು 34 ಡಿಗ್ರಿಗೇ ಕರಗುತ್ತದೆ. ಮೇ ತಿಂಗಳಲ್ಲಿ ನಮ್ಮೂರು 42 ದಾಟುತ್ತದೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಚಿಪ್ಸ್ ಒಂದೇ ಮುದ್ದೆ. ಬೆಳಗ್ಗೆ ಎಂಟರೊಳಗೆ ತನ್ನಿ ಅಥವಾ ಸಂಜೆ ತನ್ನಿ, ಹಿಟ್ಟಿಗೆ ಹಾಕುವವರೆಗೂ ಫ್ರಿಜ್ಜಿನಲ್ಲಿರಲಿ. ಮುದ್ದೆಯಾದರೂ ಚಿಂತೆಯಿಲ್ಲ, ತಂಪಾಗಿ ಗಟ್ಟಿಯಾದ ಮೇಲೆ ಚಾಕುವಿನಿಂದ ಚೂರು ಮಾಡಿ. ನನಗಂತೂ ಡಾರ್ಕ್ ಚಾಕೊಲೇಟ್ ಬಾರ್ ಚೂರು ಮಾಡಿ ಹಾಕಿದ್ದೇ ಇಷ್ಟ. ಹಣ್ಣೇ ಅಷ್ಟು ಸಿಹಿ ಇರುವಾಗ ಸ್ವಲ್ಪ ಕಹಿ ಬೇಕು.

ಚಿಪ್ಸ್‌ಗೆ ಮೈದಾ ಸವರಿದರೆ ತಳಕ್ಕಿಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಿಟ್ಟು ದಪ್ಪಗಿದ್ದರೆ ಹೇಗೂ ಇಳಿಯುವುದಿಲ್ಲ, ತೆಳ್ಳಗಿದ್ದರೆ ಸವರಿದರೂ ಇಳಿಯುತ್ತದೆ.

ಹಂತ 4: ಬೇಯಿಸುವುದು

ಕಾಗದದ ಕಪ್ಪುಗಳಲ್ಲಿ ಮುಕ್ಕಾಲು ತುಂಬಿ, ಮೇಲೆ ನಾಲ್ಕು ಚಿಪ್ಸ್ ಉದುರಿಸಿ, ಒಳಗಿಡಿ. 200 ಡಿಗ್ರಿಯಲ್ಲಿ ಆರು ನಿಮಿಷ, ಆಮೇಲೆ ಬಾಗಿಲು ತೆರೆಯದೆ 175ಕ್ಕೆ ಇಳಿಸಿ 14–15 ನಿಮಿಷ. ಮೊದಲ ಬಿಸಿಗೆ ತಲೆ ಗುಂಡಗೆ ಏಳುತ್ತದೆ, ಇಳಿಸಿದ ಬಿಸಿಗೆ ಒಳಗೆ ಬೇಯುತ್ತದೆ. ಸಣ್ಣ ಓವನ್‌ಗಳ ಗುಂಡಿ ತೋರಿಸುವ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಮೊದಲ ಸಲ 18ನೇ ನಿಮಿಷದಿಂದಲೇ ಗಾಜಿನೊಳಗೆ ಕಣ್ಣಿಡಿ. ಬೆಂದಿದೆಯೋ ಎಂದು ನೋಡಲು ಕಡ್ಡಿ ಚುಚ್ಚಿದಾಗ ಕಂದು ಬಣ್ಣ ಅಂಟಿದರೆ ಅದು ಕರಗಿದ ಚಾಕೊಲೇಟೂ ಇರಬಹುದು, ಇನ್ನೊಂದು ಕಡೆ ಚುಚ್ಚಿ.

ನಡುವೆ ಕರೆಂಟು ಹೋದರೆ ಬಾಗಿಲು ಮುಟ್ಟಬೇಡಿ. ಹತ್ತು ನಿಮಿಷ ಕಳೆದಿದ್ದರೆ ಒಳಗಿನ ಬಿಸಿಗೇ ಬಹಳಷ್ಟು ಬೇಯುತ್ತದೆ, ಕರೆಂಟು ಬಂದ ಮೇಲೆ ಉಳಿದದ್ದು. ನಾಲ್ಕೈದು ನಿಮಿಷದಲ್ಲೇ ಹೋದರೆ ನಡು ಕುಸಿಯುತ್ತದೆ, ಅದಕ್ಕೆ ಮದ್ದಿಲ್ಲ. ಚಹಾದ ಜೊತೆ ಚಮಚದಲ್ಲಿ ತಿನ್ನಿ.

ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್, ಸೀಟಿ ತೆಗೆದು ಉಪ್ಪು ಹರವಿ ಮಾಡುತ್ತಾರೆ. ನೀರಿಲ್ಲದೆ ಅಷ್ಟು ಹೊತ್ತು ಕಾಯಿಸಿದರೆ ಕುಕ್ಕರ್ ಬಾಳಿಕೆ ಬರುವುದಿಲ್ಲ. ಅದರ ಬದಲು ಹಳೆಯ ದಪ್ಪ ತಳದ ಪಾತ್ರೆ ತಗೊಳ್ಳಿ, ತಳದಲ್ಲಿ ಒಂದು ಸ್ಟ್ಯಾಂಡ್, ಮೇಲೆ ಬಿಗಿಯಾದ ಮುಚ್ಚಳ. ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ಸ್ಟೀಲ್ ವಾಟಿಗಳಲ್ಲಿ ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಅಡ್ಡಿಯಿಲ್ಲ.

ತೆಗೆದ ಮೇಲೆ ಐದು ನಿಮಿಷ ಟ್ರೇಯಲ್ಲೇ ಬಿಟ್ಟು, ಆಮೇಲೆ ಜಾಲರಿಗೆ ಎತ್ತಿಡಿ. ಟ್ರೇಯಲ್ಲೇ ಮರೆತರೆ ತಳ ಬೆವರುತ್ತದೆ. ಬಿಸಿಬಿಸಿ ಇದ್ದಾಗ ಡಬ್ಬಿಗೆ ಹಾಕಿ ಮುಚ್ಚಿದರೂ ಅಷ್ಟೇ. ಹಣ್ಣಿನ ಪದಾರ್ಥ, ಬೇಸಿಗೆಯಲ್ಲಿ ಹೊರಗೆ ಒಂದು ದಿನ, ಹೆಚ್ಚೆಂದರೆ ಒಂದೂವರೆ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ತಿನ್ನುವ ಮುಂಚೆ ಮುಚ್ಚಿದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಡಿ, ಚಿಪ್ಸ್ ಮತ್ತೆ ಮೆತ್ತಗಾಗುತ್ತದೆ. ಜೋಳದ ಹಿಟ್ಟು ಬೆರೆಸಿದ್ದನ್ನು ಮಾತ್ರ ಮರುದಿನಕ್ಕೆ ಉಳಿಸಬೇಡಿ, ಪುಡಿಪುಡಿಯಾಗುತ್ತದೆ.